ಗೆರೆ ಸುಳ್ಳು ಹೇಳಬಾರದು

1/9

ಸಬ್‌ಮಿಷನ್ ಹತ್ರ ಬಂದ್ರೆ ಡಿಪ್ಲೊಮಾ ಬ್ಯಾಚ್‌ಗಳ ವಾಟ್ಸಾಪ್ ಗ್ರೂಪಲ್ಲಿ ಎರಡು ಪ್ರಶ್ನೆ ಗ್ಯಾರಂಟಿ. ಒಂದು: "ಡ್ಯಾಶ್ ಲೈನ್ ಕಾಣಿಸ್ತಿಲ್ಲ, ಎಲ್‌ಟಿಸ್ಕೇಲ್ ಎಷ್ಟು ಕೊಡ್ಲಿ?" ಎರಡು: "ಲೈನ್‌ವೇಟ್ ಹಾಕ್ಲೇಬೇಕಾ?" ಮೊದಲನೇದಕ್ಕೆ ಒಬ್ರು 10 ಅಂತಾರೆ, ಇನ್ನೊಬ್ರು 50, ಮತ್ತೊಬ್ರು 1000. ಎರಡನೇದಕ್ಕೆ ಮಾತ್ರ ಎಲ್ಲರದ್ದೂ ಒಂದೇ ಉತ್ತರ: "ಟೈಮ್ ಇದ್ರೆ ಹಾಕು ಗುರು, ಇಲ್ದಿದ್ರೆ ಬಿಡು."

ಈ ಸಲದ ಸರಣಿ ಆ "ಬಿಡು" ಅನ್ನೋ ಮಾತಿನ ವಿರುದ್ಧ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಆಡೋಣ.

ಮೊದಲನೇದು, ಲೈನ್‌ಟೈಪ್ ಸ್ಕೇಲ್ ಮತ್ತು ಲೈನ್‌ವೇಟ್ ಡ್ರಾಯಿಂಗಿಗೆ ಕೊನೇಲಿ ಹಚ್ಚೋ ಮೇಕಪ್ ಅಲ್ಲ. ಡ್ರಾಯಿಂಗ್ ಮಾತಾಡೋದೇ ಅದರಿಂದ. ಎರಡನೇದು, ಎಲ್‌ಟಿಸ್ಕೇಲನ್ನ ಕಣ್ಣಂದಾಜಲ್ಲಿ ತಿರುಗಿಸೋದು ನಿಲ್ಲಬೇಕು. ಪೇಪರ್ ಮೇಲೆ ಎಷ್ಟು ಮಿಲಿಮೀಟರ್ ಬೇಕು ಅಂತ ಮೊದಲು ತೀರ್ಮಾನಿಸಿ, ಅಲ್ಲಿಂದ ಲೆಕ್ಕ ಹಾಕಬೇಕು. ಮೂರನೇದು, ನಮ್ಮ ಲ್ಯಾಬ್‌ಗಳಲ್ಲಿ ಮಾರ್ಕ್ಸು ಸ್ಕ್ರೀನಿಗೆ ಕೊಡಬಾರದು, ಪ್ರಿಂಟಿಗೆ ಕೊಡಬೇಕು.

ಯಾಕೆ ಇಷ್ಟು ಗಟ್ಟಿಯಾಗಿ ಹೇಳ್ತಿದೀನಿ ಅಂದ್ರೆ, ನಮ್ಮ ಡ್ರಾಯಿಂಗ್ ಕೊನೆಗೆ ಓದೋರು ನಮ್ಮ ಲೆಕ್ಚರರ್ ಅಲ್ಲ. ಕಪ್ಪು ಬ್ಯಾಕ್‌ಗ್ರೌಂಡ್ ಮೇಲೆ ಹಸಿರು, ಕೆಂಪು, ಹಳದಿ ಗೆರೆ ನೋಡೋರೂ ಅಲ್ಲ. ಬಿಸಿಲಲ್ಲಿ ನಿಂತು, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕ್ಕೊಂಡ ಎ3 ಜೆರಾಕ್ಸ್ ಬಿಚ್ಚಿ, ಸಿಮೆಂಟ್ ಕೈಯಲ್ಲೇ ಹಿಡ್ಕೊಂಡು ನೋಡೋ ಮೇಸ್ತ್ರಿ ಓದ್ತಾರೆ. ಕಂಬಿ ಕಟ್ಟೋರು ಓದ್ತಾರೆ. ಬಡಗಿ ಓದ್ತಾರೆ. ಅವರ ಹತ್ರ ಜೂಮ್ ಇಲ್ಲ, ಲೇಯರ್ ಆಫ್ ಮಾಡೋ ಬಟನ್ ಇಲ್ಲ. ಗೆರೆ ಮೇಲೆ ಕ್ಲಿಕ್ ಮಾಡಿ "ಇದು ಯಾವ ಲೇಯರ್" ಅಂತ ನೋಡೋಕೂ ಆಗಲ್ಲ. ಅವರಿಗೆ ಇರೋದು ಗೆರೆ ಮಾತ್ರ. ಆ ಗೆರೆ ತಪ್ಪು ಹೇಳಿದ್ರೆ ಗೋಡೆ ತಪ್ಪಾಗಿ ಏಳುತ್ತೆ.

ಮುಂದಿನ ಪೋಸ್ಟಿಗೆ ಬನ್ನಿ.

2/9

ಮೊದಲು ಬೇಸಿಕ್. ಎಲ್ಲರಿಗೂ ಗೊತ್ತು ಅಂತ ನಾವು ಅಂದ್ಕೊಂಡಿರೋದು.

ಕನ್ನಡದಲ್ಲಿ "ಬೆಲೆ" ಬರೆಯೋಕೆ ಹೋಗಿ "ಬೆಳೆ" ಬರೆದ್ರೆ ಏನಾಗುತ್ತೆ? ಅಕ್ಷರ ಒಂದೇ ಬದಲಾಗಿದ್ದು, ಅರ್ಥ ಸಂತೆಯಿಂದ ಹೊಲಕ್ಕೆ ಹೋಯ್ತು. ಡ್ರಾಯಿಂಗಲ್ಲೂ ಹಾಗೇ. ಒಂದೇ ಜಾಗದಲ್ಲಿ, ಒಂದೇ ಉದ್ದದ ಗೆರೆ. ಅದು ದಪ್ಪಗೆ ಬಿಡದೆ ಸಾಗಿದ್ರೆ "ಇಲ್ಲಿ ಕತ್ತರಿಸಿದೀವಿ, ಗೋಡೆ ಇದೆ" ಅಂತ. ತೆಳ್ಳಗೆ ಬಿಡದೆ ಸಾಗಿದ್ರೆ "ಕೆಳಗೆ ಕಾಣ್ತಿರೋ ಅಂಚು" ಅಥವಾ ಡೈಮೆನ್ಷನ್ ಲೈನ್. ತುಂಡು ತುಂಡಾಗಿದ್ರೆ "ಮರೆಯಲ್ಲಿದೆ, ಇಲ್ಲಾ ತಲೆ ಮೇಲಿದೆ". ಉದ್ದ ಗೀಟು, ಚಿಕ್ಕ ಗೀಟು ಒಂದಾದ ಮೇಲೊಂದು ಬಂದ್ರೆ ಸೆಂಟರ್ ಲೈನ್. ಅದೇ ಸರಪಳಿ ಗೆರೆಯ ತುದಿಗಳು ಮಾತ್ರ ದಪ್ಪ ಆಗಿದ್ರೆ ಸೆಕ್ಷನ್ ಕತ್ತರಿಸೋ ಜಾಗ.

ಇದು ಯಾರದ್ದೋ ಸ್ಟೈಲ್ ಅಲ್ಲ. ಶಾಲಾ ಕಾಲೇಜುಗಳಿಗೆ ಅಂತಲೇ ಬಿಐಎಸ್ ಮಾಡಿದ ಎಸ್‌ಪಿ 46 ಇದೆ, ಅಂತರರಾಷ್ಟ್ರೀಯವಾಗಿ ಐಎಸ್‌ಒ 128 ಇದೆ. ಎಸ್‌ಪಿ 46ರಲ್ಲಿ ಒಂದು ಮಾತು ನೆನಪಿಟ್ಕೊಳ್ಳಿ: ದಪ್ಪ ಗೆರೆ ಮತ್ತು ತೆಳು ಗೆರೆಯ ಅನುಪಾತ 2:1ಕ್ಕಿಂತ ಕಡಿಮೆ ಇರಬಾರದು. ತೆಳುವಾದದ್ದು 0.25 ಇದ್ರೆ ದಪ್ಪದ್ದು ಕನಿಷ್ಠ 0.5. ಯಾಕೆ 2? ಅಕ್ಕಪಕ್ಕ ಇಟ್ಟಾಗ 0.25ಕ್ಕೂ 0.30ಕ್ಕೂ ವ್ಯತ್ಯಾಸ ಕಣ್ಣು ಹಿಡಿಯಲ್ಲ. ಹಿಡಿಯದ ವ್ಯತ್ಯಾಸ ಇದ್ರೂ ಒಂದೇ, ಇಲ್ದಿದ್ರೂ ಒಂದೇ.

ಬೋರ್ಡ್ ಮೇಲೆ ಕೈಯಲ್ಲಿ ಬರೀತಿದ್ದ ನಮ್ಮ ಸೀನಿಯರ್‌ಗಳಿಗೆ ಇದು ಬೇರೆಯಾಗಿ ಕಲಿಸಬೇಕಿರಲಿಲ್ಲ. ಕನ್‌ಸ್ಟ್ರಕ್ಷನ್ ಲೈನಿಗೆ 2ಎಚ್, ಔಟ್‌ಲೈನಿಗೆ ಎಚ್‌ಬಿ. ಇಂಕಿಗೆ ಬಂದ್ರೆ ಪೆನ್ನೇ ಬೇರೆ. ಪೆನ್ ಬದಲಾಯಿಸುವಾಗ ಕೈಗೇ ಗೊತ್ತಾಗ್ತಿತ್ತು, ಗೆರೆಯ ಅರ್ಥ ಬದಲಾಯ್ತು ಅಂತ. ನಮ್ಮ ಕೈಗೆ ಮೌಸ್ ಒಂದೇ. ದಪ್ಪ ಗೆರೆಗೂ ಅದೇ ಕ್ಲಿಕ್, ತೆಳು ಗೆರೆಗೂ ಅದೇ ಕ್ಲಿಕ್. ಹಾಗಾಗಿ ಕೈ ಮರೆತಿದ್ದನ್ನ ತಲೆ ನೆನಪಿಟ್ಕೋಬೇಕು.

3/9

ಸ್ವಲ್ಪ ಮಜಾ ವಿಷಯ. ಪೆನ್ ಸೈಜ್‌ಗಳು 0.18, 0.25, 0.35, 0.5, 0.7, 1.0 ಅಂತ ವಿಚಿತ್ರವಾಗಿ ಯಾಕಿವೆ? 0.2, 0.4, 0.6 ಅಂತ ನೀಟಾಗಿ ಇಡಬಹುದಿತ್ತಲ್ವಾ?

ಕ್ಯಾಲ್ಕುಲೇಟರ್ ತಗೊಳ್ಳಿ. 0.18 ಇಂಟು 1.414, ಹೆಚ್ಚುಕಡಿಮೆ 0.25. 0.25 ಇಂಟು 1.414, 0.35. 0.35 ಇಂಟು 1.414, 0.5. ಪ್ರತಿ ಹೆಜ್ಜೆಗೂ ರೂಟ್ 2. ಈಗ ಪೇಪರ್ ನೋಡಿ. ಎ3 ಅಂದ್ರೆ 297 ಇಂಟು 420 ಮಿಮೀ, ಎ1 ಅಂದ್ರೆ 594 ಇಂಟು 841. ಎ ಸರಣಿಯ ಪೇಪರಲ್ಲೂ ಉದ್ದ ಅಗಲದ ಅನುಪಾತ ರೂಟ್ 2. ಎ1 ಶೀಟನ್ನ ಎ2ಗೆ ಇಳಿಸಿದ್ರೆ ಎಲ್ಲಾ ಅಳತೆ 0.707 ಪಟ್ಟು ಆಗುತ್ತೆ, ಅಂದ್ರೆ 0.7ರ ಗೆರೆ ಸರಿಯಾಗಿ 0.5 ಆಗುತ್ತೆ. ಆಮೇಲೆ ಆ ಎ2 ಮೇಲೆ ತಿದ್ದುಪಡಿ ಮಾಡೋಕೆ 0.5 ಪೆನ್ ತಗೊಂಡ್ರೆ ಹೊಸ ಗೆರೆ ಹಳೆಯದರ ಜೊತೆ ಬೆರೆತು ಹೋಗುತ್ತೆ. ಎಷ್ಟು ಚೆಂದದ ಲೆಕ್ಕ ನೋಡಿ! ಕಾಪಿ ತೆಗೆಯೋರ ಕಷ್ಟವನ್ನೂ ಯೋಚನೆ ಮಾಡಿ ಯಾರೋ ಕೂತು ಮಾಡಿದ್ದು.

ಆ ಪೆನ್‌ಗಳಿಗೆ ಬಣ್ಣದ ಗುರುತೂ ಇತ್ತು. 0.25ಕ್ಕೆ ಬಿಳಿ, 0.35ಕ್ಕೆ ಹಳದಿ, 0.5ಕ್ಕೆ ಕಂದು, 0.7ಕ್ಕೆ ನೀಲಿ. ನಿಮ್ಮ ಕಾಲೇಜಿನ ಹಳೇ ಬೀರುವಲ್ಲಿ ರೋಟ್ರಿಂಗ್ ಸೆಟ್ ಇದ್ರೆ ತೆಗೆದು ನೋಡಿ. ಬಣ್ಣ ಅಂದ್ರೆ ದಪ್ಪ ಅನ್ನೋ ಯೋಚನೆ ಪೆನ್ ಪ್ಲಾಟರ್‌ಗಳಲ್ಲೂ ಮುಂದುವರಿಯಿತು: ಸ್ಕ್ರೀನ್ ಮೇಲಿನ ಬಣ್ಣ ನೋಡಿ ಯಂತ್ರ ಪೆನ್ ಆರಿಸ್ಕೊಳ್ತಿತ್ತು. ಇವತ್ತು ನಾವು ಸಿಟಿಬಿ ಫೈಲ್ ಅಂತ ಬಳಸ್ತೀವಲ್ಲ, ಅದು ಆ ಪದ್ಧತಿಯ ಮೊಮ್ಮಗು.

ಈಗ ನಮ್ಮ ಕಡೆಯ ವಾಸ್ತವ. ಎ1 ಸೈಜಿಗೆ ಡ್ರಾಯಿಂಗ್ ಮಾಡ್ತೀವಿ, ಪಿಡಿಎಫ್ ಕಳಿಸ್ತೀವಿ, ಸೈಟಲ್ಲಿ ಅದನ್ನ ಎ3ಯಲ್ಲಿ ಪ್ರಿಂಟ್ ತೆಗೀತಾರೆ. ಎಲ್ಲಾ ಅರ್ಧ ಆಯ್ತು. 0.5 ಇದ್ದಿದ್ದು 0.25. 0.13 ಇದ್ದ ಹ್ಯಾಚ್ 0.065. 600 ಡಿಪಿಐ ಪ್ರಿಂಟರಲ್ಲಿ ಒಂದು ಚುಕ್ಕೆಯೇ ಸುಮಾರು 0.042 ಮಿಮೀ. ಅಂದ್ರೆ ನಿಮ್ಮ ಗೆರೆಗೆ ಒಂದೂವರೆ ಚುಕ್ಕೆ. ಅದರ ಜೆರಾಕ್ಸ್, ಆ ಜೆರಾಕ್ಸ್‌ನ ಜೆರಾಕ್ಸ್ ಆದಮೇಲೆ ಏನುಳೀತು?

4/9

ಈಗ ಗ್ರೂಪಿನ ಮೊದಲ ಪ್ರಶ್ನೆ. ಎಲ್‌ಟಿಸ್ಕೇಲ್ ಎಷ್ಟು?

ಉತ್ತರ ಹೇಳೋ ಮುಂಚೆ ಆ ತುಂಡು ಗೆರೆ ಎಲ್ಲಿಂದ ಬರುತ್ತೆ ನೋಡಿ. ಆಟೋಕ್ಯಾಡ್ ಜೊತೆ ಎರಡು ಲೈನ್‌ಟೈಪ್ ಫೈಲ್ ಬರುತ್ತೆ. ಇಂಚಿನವರಿಗೆ ಎಕ್ಯಾಡ್.ಲಿನ್, ಮೆಟ್ರಿಕ್‌ನವರಿಗೆ ಎಕ್ಯಾಡ್‌ಐಸೊ.ಲಿನ್. ನೋಟ್‌ಪ್ಯಾಡಲ್ಲೇ ತೆರೆಯಬಹುದು, ಹೆದರ್ಕೋಬೇಡಿ. ಅದರಲ್ಲಿ ಡ್ಯಾಶ್ಡ್ ಅನ್ನೋ ಗೆರೆಯ ಎದುರು ಬರೀ ಸಂಖ್ಯೆ ಇರುತ್ತೆ. ಇಂಚಿನ ಫೈಲಲ್ಲಿ 0.5 ಗೀಟು, 0.25 ಖಾಲಿ. ಐಸೊ ಫೈಲಲ್ಲಿ 12.7 ಗೀಟು, 6.35 ಖಾಲಿ. ಹಿಡನ್ ಅನ್ನೋದು ಅದರ ಅರ್ಧ: ಐಸೊದಲ್ಲಿ 6.35 ಗೀಟು, 3.175 ಖಾಲಿ. ಸೆಂಟರ್ ಅನ್ನೋದು 31.75 ಗೀಟು, 6.35 ಖಾಲಿ, 6.35 ಗೀಟು, 6.35 ಖಾಲಿ.

ಈಗ ಭಾಗಿಸಿ. 12.7 ಭಾಗಿಸು 0.5 ಅಂದ್ರೆ 25.4. ಒಂದು ಇಂಚಿಗೆ ಎಷ್ಟು ಮಿಮೀ ಅಂತ ಎಂಟನೇ ಕ್ಲಾಸಲ್ಲೇ ಓದಿದೀವಿ. ಎರಡು ಫೈಲಿನ ಮಧ್ಯೆ ಇರೋ ವ್ಯತ್ಯಾಸ ಅಷ್ಟೇ.

ಗ್ರೂಪಲ್ಲಿ ಒಬ್ರಿಗೆ 50 ಕೆಲಸ ಮಾಡಿ, ಇನ್ನೊಬ್ರಿಗೆ 1000ದ ಮೇಲೆ ಹೋಗಬೇಕಾಗಿ ಬರೋದು ಇದಕ್ಕೇ. 1:100ರ ಪ್ಲಾನ್, ಮಿಮೀ ಯೂನಿಟ್. ಐಸೊ ಟೆಂಪ್ಲೇಟಲ್ಲಿ ಶುರು ಮಾಡಿದವರಿಗೆ 50 ಸಾಕು. ಅದೇ ಪ್ಲಾನನ್ನ ಇಂಚಿನ ಟೆಂಪ್ಲೇಟಲ್ಲಿ ಶುರು ಮಾಡಿದವರಿಗೆ ಅದೇ ಗೆರೆ ಬರೋಕೆ 50 ಇಂಟು 25.4, ಅಂದ್ರೆ 1270 ಬೇಕು. ಇಬ್ಬರೂ ಸರಿ, ಆದ್ರೆ ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಆಗಲ್ಲ. ಬೇರೆಯವರ ಕನ್ನಡಕ ಹಾಕ್ಕೊಂಡ ಹಾಗೆ.

ಆದ್ದರಿಂದ "ಎಷ್ಟು ಕೊಡ್ಲಿ" ಅನ್ನೋ ಪ್ರಶ್ನೆಗೆ ಮೂರು ವಿಷಯ ಗೊತ್ತಿಲ್ಲದೆ ಯಾರೂ ಉತ್ತರ ಕೊಡಬಾರದು. ಯೂನಿಟ್ ಯಾವುದು? ಲೈನ್‌ಟೈಪ್ ಯಾವ ಫೈಲಿಂದ ಬಂದಿದೆ? ಪ್ರಿಂಟ್ ಯಾವ ಸ್ಕೇಲಲ್ಲಿ, ಮಾಡೆಲಿಂದಲೋ ಲೇಔಟಿಂದಲೋ? ಈ ಮೂರೂ ಕೇಳದೆ ಸಂಖ್ಯೆ ಹೇಳೋರು ಪಾಪ, ಸಹಾಯ ಮಾಡೋಕೆ ಹೋಗಿ ಹಳ್ಳಕ್ಕೆ ತಳ್ತಿದ್ದಾರೆ. ಟೆಂಪ್ಲೇಟ್ ಯಾವುದು ಅಂತ ತಿಳಿಯೋಕೆ ಮೆಷರ್‌ಮೆಂಟ್ ಅಂತ ಟೈಪ್ ಮಾಡಿ. 0 ಬಂದ್ರೆ ಇಂಚು, 1 ಬಂದ್ರೆ ಮೆಟ್ರಿಕ್.

5/9

ಲೆಕ್ಕ ಒಂದೇ ಸಾಲಿನದು. ಸೇವ್ ಮಾಡ್ಕೊಳ್ಳಿ.

ಪೇಪರ್ ಮೇಲೆ ಬರೋ ಗೀಟಿನ ಉದ್ದ = ಫೈಲಲ್ಲಿರೋ ಉದ್ದ × ಎಲ್‌ಟಿಸ್ಕೇಲ್ × ಆ ಗೆರೆಯ ಸ್ವಂತ ಸ್ಕೇಲ್. ಲೇಔಟಲ್ಲಿ ಪಿಎಸ್‌ಎಲ್‌ಟಿಸ್ಕೇಲ್ 1 ಇದ್ರೆ ವ್ಯೂಪೋರ್ಟಿನ ಸ್ಕೇಲನ್ನ ಸಾಫ್ಟ್‌ವೇರೇ ನೋಡ್ಕೊಳ್ಳುತ್ತೆ. ಅಂದ್ರೆ ಶೀಟ್ ಮೇಲೆ 1:100ರ ಪ್ಲಾನ್ ಇರಲಿ, ಪಕ್ಕದಲ್ಲೇ 1:20ರ ಡೀಟೇಲ್ ಇರಲಿ, ಎರಡರಲ್ಲೂ ಗೀಟು ಒಂದೇ ಉದ್ದ. ಅದು 0 ಇದ್ರೆ 1:20ರಲ್ಲಿ ಗೀಟು ಐದು ಪಟ್ಟು ಉದ್ದ. ಒಂದೇ ಶೀಟಲ್ಲಿ ಎರಡು ಭಾಷೆ.

ನನ್ನ ಶಿಫಾರಸು: ಮೆಟ್ರಿಕ್ ಟೆಂಪ್ಲೇಟ್, ಎಲ್‌ಟಿಸ್ಕೇಲ್ 0.5, ಪಿಎಸ್‌ಎಲ್‌ಟಿಸ್ಕೇಲ್ 1, ಎಂಎಸ್‌ಎಲ್‌ಟಿಸ್ಕೇಲ್ 1. ಆಗ ಹಿಡನ್ ಲೈನಿನ ಗೀಟು ಪೇಪರ್ ಮೇಲೆ ಸುಮಾರು 3.2 ಮಿಮೀ, ಖಾಲಿ 1.6 ಮಿಮೀ. ಕಣ್ಣಿಗೆ ಹಿತ, ಎ3ಗೂ ಒಗ್ಗುತ್ತೆ. ಎಂಎಸ್‌ಎಲ್‌ಟಿಸ್ಕೇಲ್ ಯಾಕೆ ಅಂದ್ರೆ, ಮಾಡೆಲಲ್ಲಿ ಕೆಲಸ ಮಾಡುವಾಗ ಅನೊಟೇಷನ್ ಸ್ಕೇಲ್ 1:100 ಇಟ್ಕೊಂಡ್ರೆ ಅಲ್ಲೂ ಗೆರೆ ಹಾಗೇ ಕಾಣುತ್ತೆ. ಬದಲಾಯಿಸಿದ ಮೇಲೆ ರೀಜೆನ್‌ಆಲ್ ಕೊಡಿ, ಇಲ್ಲಾಂದ್ರೆ ಹಳೇದೇ ಕಾಣುತ್ತೆ. ಪಿಎಸ್‌ಎಲ್‌ಟಿಸ್ಕೇಲನ್ನ ಪ್ರತಿ ಲೇಔಟಲ್ಲೂ ಚೆಕ್ ಮಾಡಿ.

ಲೇಔಟ್ ಬಳಸದೆ ಮಾಡೆಲಿಂದಲೇ ಪ್ರಿಂಟ್ ಹೊಡೆಯೋರಿಗೆ, ಎಂಎಸ್‌ಎಲ್‌ಟಿಸ್ಕೇಲ್ 0 ಇಟ್ಟು: ಪೇಪರ್ ಮೇಲಿನ 1 ಮಿಮೀ ಅಂದ್ರೆ ಡ್ರಾಯಿಂಗಲ್ಲಿ ಎಷ್ಟು ಯೂನಿಟ್? ಅದರ ಅರ್ಧ ಎಲ್‌ಟಿಸ್ಕೇಲ್. ಮಿಮೀ ಯೂನಿಟ್, 1:100 ಆದ್ರೆ 50. 1:50 ಆದ್ರೆ 25. ಸರ್ವೇ ಡ್ರಾಯಿಂಗ್, ಮೀಟರ್ ಯೂನಿಟ್, 1:500 ಆದ್ರೆ 0.25. ಅಡಿ-ಇಂಚಿನಲ್ಲಿ ಮನೆ ಪ್ಲಾನ್ ಮಾಡೋರು, ಇಂಚಿನ ಟೆಂಪ್ಲೇಟ್, ಕಾಲು ಇಂಚಿಗೆ ಒಂದು ಅಡಿ ಅಂದ್ರೆ 1:48, ಹಾಗಾಗಿ 24.

ಒಂದು ಎಚ್ಚರಿಕೆ. ಸಿಇಎಲ್‌ಟಿಸ್ಕೇಲ್ ಅಂತ ಇನ್ನೊಂದಿದೆ. ಅದನ್ನ ಬದಲಾಯಿಸಿದ್ರೆ ಆಮೇಲೆ ಎಳೆಯೋ ಪ್ರತಿ ಗೆರೆಗೂ ಬೇರೆ ಸ್ಕೇಲ್ ಅಂಟ್ಕೊಳ್ಳುತ್ತೆ. 1ರಲ್ಲೇ ಇರಲಿ. ಒಂದೊಂದು ಗೆರೆಗೂ ಪ್ರಾಪರ್ಟೀಸಲ್ಲಿ ಬೇರೆ ಬೇರೆ ಸ್ಕೇಲ್ ಹಾಕಿದ ಫೈಲ್ ಕೈಗೆ ಸಿಕ್ಕವರನ್ನ ಕೇಳಿ, ಅದನ್ನ ಸರಿ ಮಾಡೋದು ಜಡೆಗಟ್ಟಿದ ಕೂದಲು ಬಾಚಿದ ಹಾಗೆ.

6/9

ಇದು ಸರಣಿಯ ಮುಖ್ಯ ಪೋಸ್ಟ್. ಬೇರೆಲ್ಲಾ ಬಿಟ್ರೂ ಇದೊಂದು ಓದಿ.

ಲೈನ್‌ಟೈಪ್ ಸ್ಕೇಲ್ ತಪ್ಪಾದಾಗ ಎರಡು ಥರ ಆಗುತ್ತೆ. ಸ್ಕೇಲ್ ತೀರಾ ಚಿಕ್ಕದಾದ್ರೆ ಗೀಟುಗಳು ಒತ್ತೊತ್ತಾಗಿ ಕೂತು ಬಿಡದೆ ಎಳೆದ ಗೆರೆ ಥರ ಕಾಣುತ್ತೆ. ತೀರಾ ದೊಡ್ಡದಾದ್ರೆ, ಗೆರೆಯ ಉದ್ದದಲ್ಲಿ ಒಂದು ಪೂರ್ತಿ ಗೀಟು-ಖಾಲಿ ಕೂರೋಕೇ ಜಾಗ ಇರಲ್ಲ. ಆಗ ಆಟೋಕ್ಯಾಡ್ ಏನ್ಮಾಡುತ್ತೆ? ಎರರ್ ತೋರಿಸಲ್ಲ. ಸುಮ್ಮನೆ ಈ ತುದಿಯಿಂದ ಆ ತುದಿಗೆ ಬಿಡದೆ ಗೆರೆ ಎಳೆದುಬಿಡುತ್ತೆ.

ಅರ್ಥ ಆಯ್ತಾ? ಎರಡೂ ತಪ್ಪಿನ ಮುಖ ಒಂದೇ: ಬಿಡದೆ ಎಳೆದ ಗೆರೆ. ಆ ಗೆರೆಗೆ ಡ್ರಾಯಿಂಗ್ ಭಾಷೆಯಲ್ಲಿ ಅದರದ್ದೇ ಅರ್ಥ ಇದೆ: "ಇಲ್ಲಿ ನಿಜವಾಗಿ ಒಂದು ಅಂಚು ಇದೆ." ಗೆರೆ ಅಳಿಸಿ ಹೋಗಿದ್ರೆ ಯಾರಾದ್ರೂ ಗಮನಿಸ್ತಿದ್ರು. ಇದು ಅಳಿಸಿಲ್ಲ, ಸುಳ್ಳು ಹೇಳ್ತಿದೆ. ಪ್ರಾಪರ್ಟೀಸ್ ನೋಡಿದ್ರೆ "ಡ್ಯಾಶ್ಡ್" ಅಂತಲೇ ಇರುತ್ತೆ, ನೀವು ನಿಮ್ಮ ಕೆಲಸ ಮಾಡಿದೀರಿ ಅಂತಲೇ ಅನ್ಸುತ್ತೆ.

ಉದಾಹರಣೆ. ಕಿಟಕಿ ಮೇಲಿನ ಸಜ್ಜಾ, 600 ಮಿಮೀ ಹೊರಗೆ ಚಾಚಿದೆ. ಪ್ಲಾನಲ್ಲಿ ತುಂಡು ಗೆರೆಯಲ್ಲಿ ತೋರಿಸ್ಬೇಕು, ಯಾಕಂದ್ರೆ ಅದು ತಲೆ ಮೇಲಿದೆ. 1:100ರಲ್ಲಿ ಆ ಪಕ್ಕದ ಗೆರೆ ಪೇಪರ್ ಮೇಲೆ 6 ಮಿಮೀ. ಡ್ಯಾಶ್ಡ್ ಲೈನಿನ ಒಂದು ಸುತ್ತು 12.7 ಕೂಡಿಸು 6.35, ಅಂದ್ರೆ 19.05 ಮಿಮೀ. ಎಲ್‌ಟಿಸ್ಕೇಲ್ 1ರಲ್ಲಿ ಅದು 6ರಲ್ಲಿ ಕೂರಲ್ಲ. 0.5ರಲ್ಲಿ 9.5, ಆಗಲೂ ಕೂರಲ್ಲ. ಹಿಡನ್ ಲೈನ್ 0.5ರಲ್ಲಿ 4.8, ಕೂರುತ್ತೆ. ನಾನು ಹಿಡನ್ ಮತ್ತು 0.5 ಅಂದಿದ್ದು ಇದಕ್ಕೇ.

ಇದನ್ನೇ ಮೆಟ್ಟಿಲ ಮೇಲಿನ ಬೀಮಿಗೆ ಹಾಕಿ ನೋಡಿ, ಅಡುಗೆಮನೆ ಅಟ್ಟಕ್ಕೆ ಹಾಕಿ ನೋಡಿ, ನೆಲದಡಿಯ ಡ್ರೈನ್ ಪೈಪಿಗೆ ಹಾಕಿ ನೋಡಿ. "ಸಾರ್, ಇದು ಗೋಡೆನಾ, ಮೇಲಿನ ಬೀಮಾ?" ಅಂತ ಮೇಸ್ತ್ರಿ ಫೋನ್ ಮಾಡಿ ಕೇಳಿದ್ರೆ ಪುಣ್ಯ. ಕೇಳದೆ ಅರ್ಧ ಇಟ್ಟಿಗೆ ಗೋಡೆ ಎಬ್ಬಿಸಿದ್ರೆ? ಒಡೆಯೋ ಕೂಲಿ ಯಾರ ಕೈಯಿಂದ? ಮೇಸ್ತ್ರಿ ಡ್ರಾಯಿಂಗ್ ತಪ್ಪು ಓದಿದ್ರು ಅಂತ ಬೈಸ್ಕೊಳ್ಳೋದು ಅವರೇ. ಅವರು ಸರಿಯಾಗೇ ಓದಿದ್ರು. ತಪ್ಪು ಹೇಳಿದ್ದು ಗೆರೆ.

ಇನ್ನೊಂದು: ಪಾಲಿಲೈನ್. ಪಿಲೈನ್‌ಜೆನ್ 0 ಇದ್ರೆ ಪ್ರತಿ ಮೂಲೆಯಲ್ಲೂ ಗೀಟಿನ ಲೆಕ್ಕ ಹೊಸದಾಗಿ ಶುರು. ಆಯತಕ್ಕೆ ಅದೇ ಒಳ್ಳೇದು, ಮೂಲೆಗಳು ಕೂಡುತ್ತವೆ. ಆದ್ರೆ ಕಾಂಟೂರ್, ರಸ್ತೆ ಅಂಚು, ಕೆರೆ ಗಡಿ ಥರ ನೂರಾರು ಚಿಕ್ಕ ತುಂಡಿನ ಪಾಲಿಲೈನಲ್ಲಿ ಯಾವ ತುಂಡಲ್ಲೂ ಗೀಟು ಕೂರದೆ ಇಡೀ ಗೆರೆ ಬಿಡದೆ ಕಾಣುತ್ತೆ. ಅಲ್ಲಿ ಪಿಲೈನ್‌ಜೆನ್ 1.

7/9

ಈಗ ಲೈನ್‌ವೇಟ್.

ಆಟೋಕ್ಯಾಡ್ ಮೊದಲು ಬಂದಿದ್ದು 1982ರಲ್ಲಿ. ಆದ್ರೆ ಗೆರೆಗೇ ನೇರವಾಗಿ ದಪ್ಪ ಕೊಡೋ ಲೈನ್‌ವೇಟ್ ಬಂದಿದ್ದು ಆಟೋಕ್ಯಾಡ್ 2000ದಲ್ಲಿ. ಅಲ್ಲಿವರೆಗೂ ಬಣ್ಣಕ್ಕೆ ಪೆನ್ ಕಟ್ಟೋದೇ ದಾರಿ. ಹಾಗಾಗಿ ಹಳಬರು ಇನ್ನೂ "ಕೆಂಪು ತೆಳು, ಹಳದಿ ದಪ್ಪ" ಅಂತ ಮಾತಾಡ್ತಾರೆ. ತಪ್ಪಲ್ಲ ಅದು, ಅವರ ಕಾಲದ ವ್ಯಾಕರಣ.

ನೀವು ಏನೂ ಮಾಡದೆ ಬಿಟ್ರೆ ಎಲ್ಲಾ ಲೇಯರ್ "ಡಿಫಾಲ್ಟ್", ಅಂದ್ರೆ 0.25 ಮಿಮೀ. ಗೋಡೆಯೂ 0.25, ಟೈಲ್ಸ್ ಗೆರೆಯೂ 0.25, ಸೋಫಾನೂ 0.25. ಸ್ಕ್ರೀನಲ್ಲಿ ಬಣ್ಣ ಇರೋದ್ರಿಂದ ವ್ಯತ್ಯಾಸ ಇದೆ ಅನ್ಸುತ್ತೆ. ಬ್ಲ್ಯಾಕ್ ಅಂಡ್ ವೈಟ್ ಪ್ರಿಂಟ್ ಬಂದ ತಕ್ಷಣ ಎಲ್ಲಾ ಒಂದೇ. ಎಲ್ಲರೂ ಒಂದೇ ಸ್ವರದಲ್ಲಿ ಮಾತಾಡೋ ಕ್ಲಾಸ್‌ರೂಮ್ ಥರ, ಯಾರ ಮಾತೂ ಕೇಳಿಸಲ್ಲ.

ಸ್ವೈಪ್ ಮಾಡಿ, ಎರಡನೇ ಫೋಟೋ ನೋಡಿ. ಅದೇ ಪ್ಲಾನ್, ಅದೇ ಪ್ರಿಂಟರ್. ಎಡಗಡೆ ಎಲ್ಲಾ 0.25. ಬಲಗಡೆ ನಾಲ್ಕೇ ದಪ್ಪ:

ಕತ್ತರಿಸಿದ ಗೋಡೆ, ಕಾಲಂ: 0.5
ಬಾಗಿಲು, ಕಿಟಕಿ, ಮೆಟ್ಟಿಲು, ಕಾಣೋ ಅಂಚು: 0.25
ತಲೆ ಮೇಲಿರೋದು, ತುಂಡು ಗೆರೆಯಲ್ಲಿ: 0.25
ಡೈಮೆನ್ಷನ್, ಸೆಂಟರ್ ಲೈನ್, ಫರ್ನಿಚರ್: 0.18
ಹ್ಯಾಚ್: 0.13
(ತುಂಡು ಗೆರೆ ಮತ್ತು ಕಾಣೋ ಅಂಚು ಎರಡೂ 0.25, ಹಾಗಾಗಿ ದಪ್ಪ ನಾಲ್ಕೇ.)

ಲಿಸ್ಟಲ್ಲಿ 2.11 ಮಿಮೀವರೆಗೂ ಇದೆ ಅಂತ ಎಲ್ಲಾ ಬಳಸೋಕೆ ಹೋಗಬೇಡಿ. ಮನೆ ಪ್ಲಾನಿಗೆ ನಾಲ್ಕು ಸಾಕು. ಶೀಟ್ ಎ3ಗೆ ಇಳಿಯುತ್ತೆ ಅಂತ ಮೊದಲೇ ಗೊತ್ತಿದ್ರೆ ಶೀಟನ್ನೇ ಎ3ಗೆ ಸೆಟ್ ಮಾಡಿ. ಎ1 ಮಾಡಿ ಇಳಿಸಿ ಅಳೋದು ಯಾಕೆ?

ಸ್ಕ್ರೀನ್ ನಂಬಬೇಡಿ ಅಂತ ಹೇಳೋಕೂ ಕಾರಣ ಇದೆ. ಮಾಡೆಲಲ್ಲಿ ಲೈನ್‌ವೇಟ್ ಆನ್ ಮಾಡಿದ್ರೂ ಅದು ಪಿಕ್ಸೆಲ್ ಲೆಕ್ಕದಲ್ಲಿ ಕಾಣುತ್ತೆ, ಜೂಮ್ ಮಾಡಿದ್ರೂ ದಪ್ಪ ಬದಲಾಗಲ್ಲ. ನಿಜವಾದ ದಪ್ಪ ಕಾಣೋದು ಲೇಔಟಲ್ಲಿ. "ಲೈನ್‌ವೇಟ್ ಆನ್ ಮಾಡಿದ್ರೆ ಡ್ರಾಯಿಂಗ್ ಅಸಹ್ಯ ಕಾಣುತ್ತೆ" ಅಂತ ಆಫ್ ಮಾಡೋರು ನೋಡಿದ್ದು ಮಾಡೆಲನ್ನ. ಲೇಔಟಿಗೆ ಹೋಗಿ ನೋಡಿ, ಆಮೇಲೆ ಹೇಳಿ.

8/9

ಈಗ ಎದುರು ವಾದಗಳು. ಕಮೆಂಟಲ್ಲಿ ಬರೋ ಮೊದಲೇ ನಾನೇ ಬರೀತೀನಿ.

"ಸಿಟಿಬಿ ಇದೆಯಲ್ಲ, ಅದು ನೋಡ್ಕೊಳ್ಳುತ್ತೆ." ನೋಡ್ಕೊಳ್ಳುತ್ತೆ, ನಿಮ್ಮ ಕಂಪ್ಯೂಟರಲ್ಲಿ. ಸಿಟಿಬಿ ಬೇರೆ ಫೈಲ್, ಡಿಡಬ್ಲ್ಯೂಜಿ ಒಳಗೆ ಇರಲ್ಲ. ನೀವು ಡಿಡಬ್ಲ್ಯೂಜಿ ಮಾತ್ರ ಪೆನ್‌ಡ್ರೈವಲ್ಲಿ ಕೊಟ್ರೆ ಜೆರಾಕ್ಸ್ ಅಂಗಡಿಯಲ್ಲಿ ಅವರ ಹತ್ರ ಇರೋದನ್ನ ಹಾಕ್ತಾರೆ. ಎಕ್ಯಾಡ್.ಸಿಟಿಬಿ ಹಾಕಿದ್ರೆ ಬಣ್ಣ ಬಣ್ಣವಾಗೇ ಹೋಗುತ್ತೆ, ಕಪ್ಪು ಪ್ರಿಂಟರಲ್ಲಿ ಹಳದಿ ಗೆರೆ ಬೂದಿ ಬಣ್ಣದ ನೆರಳಾಗಿ ಮಾಯ. ಅದಕ್ಕೇ ನನ್ನ ವೋಟು: ದಪ್ಪವನ್ನ ಲೇಯರಲ್ಲೇ ಕೊಡಿ, ಗೆರೆಗಳನ್ನ ಬೈಲೇಯರ್ ಇಡಿ, ಪ್ಲಾಟಿಗೆ ಮೊನೊಕ್ರೋಮ್.ಸಿಟಿಬಿ ಬಳಸಿ, ಹೊರಗೆ ಕಳಿಸೋದು ಪಿಡಿಎಫ್. ಫೈಲ್ ಯಾರ ಕೈಗೆ ಹೋದ್ರೂ ದಪ್ಪ ಜೊತೆಗೇ ಹೋಗುತ್ತೆ. ಆಫೀಸಲ್ಲಿ ಬಣ್ಣದ ಪದ್ಧತಿ ಇದ್ರೆ ಅಲ್ಲಿ ಅದನ್ನೇ ಪಾಲಿಸಿ, ಜಗಳ ಬೇಡ. ಎರಡನ್ನೂ ಬೆರೆಸಬೇಡಿ ಅಷ್ಟೇ.

"ಕೆಲಸಕ್ಕೆ ಸೇರಿದ ಮೇಲೆ ಕಲಿತ್ಕೋತೀವಿ." ಸೇರಿದ ಮೇಲೆ ಕಲಿಸೋರಿಗೆ ಪುರುಸೊತ್ತಿಲ್ಲ. ಅಲ್ಲಿ ನಿಮಗೆ ಸಿಗೋದು ಹಿಂದಿನವರು ಬಿಟ್ಟುಹೋದ ಫೈಲ್ ಮತ್ತು ಸಂಜೆಯ ಡೆಡ್‌ಲೈನ್. ಅದನ್ನೇ ಕಾಪಿ ಹೊಡೆದು ಅದೇ ಅಭ್ಯಾಸ ಆಗುತ್ತೆ.

"ಇನ್ನು ಮುಂದೆ ಎಲ್ಲಾ ರೆವಿಟ್, ಇದೆಲ್ಲಾ ಯಾಕೆ?" ರೆವಿಟಲ್ಲೂ 1ರಿಂದ 16ರವರೆಗೆ ಲೈನ್‌ವೇಟ್ ಟೇಬಲ್ ಇದೆ, ಮಾಡೆಲ್ ಗೆರೆಗಳಿಗೆ ಸ್ಕೇಲ್ ಪ್ರಕಾರ ಬೇರೆ ಬೇರೆ ದಪ್ಪ ಕೊಡಬಹುದು. ಆ ಟೇಬಲಲ್ಲಿ ಏನು ತುಂಬ್ಬೇಕು ಅಂತ ಸಾಫ್ಟ್‌ವೇರಿಗೆ ಗೊತ್ತಿಲ್ಲ. ಗೆರೆಯ ಅರ್ಥ ಗೊತ್ತಿರೋರು ತುಂಬ್ಬೇಕು. ಕಾಗದ ಸೈಟಿಗೆ ಹೋಗೋವರೆಗೂ ಈ ವಿದ್ಯೆಗೆ ರಿಟೈರ್‌ಮೆಂಟ್ ಇಲ್ಲ.

"ಕಾಲೇಜಲ್ಲಿ ಪ್ಲಾಟರ್ ಇಲ್ಲ." ಇದು ನಿಜವಾದ ಕಷ್ಟ, ಒಪ್ತೀನಿ. ಆದ್ರೆ ಲೆಕ್ಕ ನೋಡಿ. 30 ಇಂಟು 40ರ ಸೈಟ್ ಅಂದ್ರೆ 9.14 ಮೀಟರ್ ಇಂಟು 12.19. 1:100ರಲ್ಲಿ ಅದು 91 ಇಂಟು 122 ಮಿಮೀ. ಎ4 ಹಾಳೆ 210 ಇಂಟು 297. ಇಡೀ ಪ್ಲಾನ್ ಕೂತು ಇನ್ನೂ ಜಾಗ ಉಳಿಯುತ್ತೆ. ಕಾಲೇಜ್ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯೇ ನಮ್ಮ ಪ್ಲಾಟರ್. ಒಂದು ಟೀ ಬಿಟ್ರೆ ಪ್ರಿಂಟ್ ಆಯ್ತು.

9/9

ಕೊನೇದಾಗಿ, ಇಬ್ಬರಿಗೆ ಎರಡು ಮಾತು.

ಮೇಷ್ಟ್ರುಗಳಿಗೆ, ಗೌರವದಿಂದಲೇ: ನೀವು ಲ್ಯಾಬಲ್ಲಿ ಹಿಂದಿಂದ ಬಂದು ಸ್ಕ್ರೀನ್ ನೋಡಿ ಸೈನ್ ಹಾಕ್ತೀರಿ. ಅರವತ್ತು ಜನರ ಬ್ಯಾಚಲ್ಲಿ ಬೇರೆ ದಾರಿ ಕಷ್ಟ ಅಂತ ನಮಗೂ ಗೊತ್ತು. ಆದ್ರೂ ಸೆಮಿಸ್ಟರಿಗೆ ಒಂದೇ ಒಂದು ಶೀಟು, ಎ4, ಕಪ್ಪು ಬಿಳುಪು, ಸ್ಕೇಲಿಗೆ ಸರಿಯಾಗಿ ಪ್ರಿಂಟ್ ತರಿಸಿ. ಅದಕ್ಕೆ ಅರ್ಧ ಮಾರ್ಕ್ಸ್ ಇಡಿ. ಸ್ಕ್ರೀನ್ ಮೇಲೆ ಯಾವ ಕಮಾಂಡ್ ಬಳಸಿದ್ರು ಅಂತ ನೋಡೋ ಬದಲು, ಹಾಳೆ ಮೇಲೆ ಗೋಡೆ ಎಲ್ಲಿ, ಬೀಮ್ ಎಲ್ಲಿ ಅಂತ ಕಾಣ್ತಿದೆಯಾ ನೋಡಿ. ಮಾರ್ಕ್ಸ್ ಎಲ್ಲಿರುತ್ತೋ ನಮ್ಮ ಕಣ್ಣು ಅಲ್ಲಿರುತ್ತೆ, ಅದು ನಿಮಗೇ ಚೆನ್ನಾಗಿ ಗೊತ್ತು.

ಗೆಳೆಯರಿಗೆ: ಮಾರ್ಕ್ಸ್ ಬದಲಾಗೋವರೆಗೂ ಕಾಯಬೇಡಿ. ಈ ವಾರ ನಿಮ್ಮ ಒಂದು ಪ್ಲಾನ್ ಪ್ರಿಂಟ್ ತೆಗೀರಿ. ಮೂರು ಪರೀಕ್ಷೆ ಮಾಡಿ.

ಒಂದು, ಕೈ ಚಾಚಿ ದೂರ ಹಿಡಿದು ನೋಡಿ. ಗೋಡೆಗಳು ಮೊದಲು ಕಣ್ಣಿಗೆ ಬೀಳಬೇಕು. ಸೋಫಾ, ಟೈಲ್ಸ್ ಮೊದಲು ಕಂಡ್ರೆ ಲೈನ್‌ವೇಟ್ ತಲೆಕೆಳಗಾಗಿದೆ.

ಎರಡು, ಸ್ಕೇಲ್ ಪಟ್ಟಿ ಇಟ್ಟು ಒಂದು ತುಂಡು ಗೆರೆಯ ಗೀಟು ಅಳೀರಿ. ಶೀಟಿನ ಎಲ್ಲಾ ವ್ಯೂಪೋರ್ಟಲ್ಲೂ ಒಂದೇ ಅಳತೆ ಬರಬೇಕು. ಆಮೇಲೆ ಶೀಟಲ್ಲಿರೋ ಅತಿ ಚಿಕ್ಕ ತುಂಡು ಗೆರೆ ಹುಡುಕಿ. ಅದರಲ್ಲಿ ಕನಿಷ್ಠ ಒಂದು ಖಾಲಿ ಜಾಗ ಕಾಣಬೇಕು. ಕಾಣದಿದ್ರೆ 6ನೇ ಪೋಸ್ಟಿಗೆ ವಾಪಸ್.

ಮೂರು, ಆ ಪ್ರಿಂಟಿನ ಜೆರಾಕ್ಸ್ ತೆಗೆದು ಕಟ್ಟಡದ ಕೆಲಸ ಗೊತ್ತಿರೋ ಯಾರಿಗಾದ್ರೂ ಕೊಡಿ. ನಿಮ್ಮ ಬೀದಿಯಲ್ಲಿ ಮನೆ ಕಟ್ತಿದ್ರೆ ಅಲ್ಲಿನ ಮೇಸ್ತ್ರಿಗೆ ತೋರಿಸಿ, "ಅಣ್ಣಾ, ಇದ್ರಲ್ಲಿ ತಲೆ ಮೇಲೆ ಏನೇನಿದೆ ಹೇಳ್ತೀರಾ?" ಅಂತ ಕೇಳಿ. ನೀವು ಬಾಯಿ ಬಿಡಬೇಡಿ. ಅವರು ನಿಮ್ಮನ್ನ ಏನೂ ಕೇಳದೆ ಸರಿಯಾಗಿ ಹೇಳಿದ್ರೆ ನಿಮ್ಮ ಡ್ರಾಯಿಂಗ್ ಪಾಸ್. ಆ ಪಾಸಿಗೆ ಯಾವ ಯೂನಿವರ್ಸಿಟಿಯ ಸೀಲೂ ಬೇಡ.

ನನ್ನ ನಾಲ್ಕು ದಪ್ಪ ನಿಮಗೆ ಒಪ್ಪಿಗೆ ಆಗದಿದ್ರೆ ನಿಮ್ಮದನ್ನ ಕಮೆಂಟಲ್ಲಿ ಹಾಕಿ. ಮೆಕ್ಯಾನಿಕಲ್‌ನವರು, ಸರ್ವೇಯವರು, ಇಂಟೀರಿಯರ್‌ನವರು ನಿಮ್ಮ ಲೆಕ್ಕ ಹೇಳಿ. "ಎಲ್‌ಟಿಸ್ಕೇಲ್ ಎಷ್ಟು ಕೊಡ್ಲಿ" ಅಂತ ಮಾತ್ರ ಕೇಳಬೇಡಿ. ಯೂನಿಟ್, ಲಿನ್ ಫೈಲ್, ಪ್ರಿಂಟ್ ಸ್ಕೇಲ್ ಮೂರೂ ಬರೆದು ಕೇಳಿ, ಖಂಡಿತ ಉತ್ತರ ಕೊಡ್ತೀನಿ.

#ಗೆರೆಮಾತು #ಡಿಪ್ಲೊಮಾದಿನಗಳು #ಆಟೋಕ್ಯಾಡ್‌ಕನ್ನಡ #ಲೈನ್‌ವೇಟ್ #ಸಿವಿಲ್‌ಹುಡುಗರುಹುಡುಗೀರು